ನೆಲದಡಿಯ ಮಳೆನೀರಿನ ಟ್ಯಾಂಕ್: ರೋಹಿಣಿಯಿಂದ ಹಸ್ತದವರೆಗೆ ನೋಡಿಕೊಳ್ಳುವ ಬಗೆ

ವಿಜಯಪುರದಲ್ಲಿ ಈಚೆಗೆ ಕಟ್ಟಿದ ಅಪಾರ್ಟ್‌ಮೆಂಟು, ಶಾಲೆ, ಕಲ್ಯಾಣ ಮಂಟಪಗಳ ಪಾರ್ಕಿಂಗ್ ಜಾಗದಲ್ಲಿ ಸುಮ್ನೆ ಒಮ್ಮೆ ಕಣ್ಣಾಡಿಸಿ. ಎಲ್ಲೋ ಒಂದು ಮೂಲೆಯಲ್ಲಿ ಕಬ್ಬಿಣದ ಮುಚ್ಚಳ ಕಾಣುತ್ತದೆ. ಅದರ ಕೆಳಗೆ ಮಳೆನೀರಿನ ಟ್ಯಾಂಕ್ ಇದೆ ಅಂತ ಕಟ್ಟಿಸಿದ ಬಿಲ್ಡರ್‌ಗೆ ಗೊತ್ತು, ಪೈಪ್ ಹಾಕಿದ ಪ್ಲಂಬರ್‌ಗೆ ಗೊತ್ತು. ಮೂರು ವರ್ಷ ಕಳೆದರೆ ಇಬ್ಬರೂ ಫೋನಿಗೆ ಸಿಗುವುದಿಲ್ಲ. ಆಮೇಲೆ ಒಂದು ದಿನ ಉತ್ತರೆ ಮಳೆ ಜೋರಾಗಿ ಬಿದ್ದು, ಪಾರ್ಕಿಂಗ್ ತುಂಬ ಮೊಳಕಾಲುದ್ದ ನೀರು ನಿಂತಾಗ, ಆ ಮುಚ್ಚಳ ಎಲ್ಲಿದೆ ಅಂತ ಹುಡುಕಾಟ ಶುರುವಾಗುತ್ತದೆ.

ಇಂಥ ಟ್ಯಾಂಕುಗಳನ್ನು ನೋಡಿಕೊಳ್ಳುವ ಕೆಲಸದಲ್ಲಿ ಇರುವವನಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟ್ಯಾಂಕ್ ಸ್ವಚ್ಛ ಮಾಡುವುದು ದೊಡ್ಡ ಕೆಲಸ, ಖರ್ಚಿನ ಕೆಲಸ, ಅಪಾಯದ ಕೆಲಸ. ಟ್ಯಾಂಕಿಗೆ ಮಣ್ಣು ಹೋಗದಂತೆ ತಡೆಯುವುದು ಮಾತ್ರ ಅರ್ಧ ದಿನದ ಕೆಲಸ. ಜನ ಮೊದಲನೆಯದಕ್ಕೆ ದುಡ್ಡು ಕೊಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಹಾಗಾಗಿ ಈ ಲೇಖನದ ಬಹುಪಾಲು ಟ್ಯಾಂಕಿನ ಹೊರಗೇ ನಡೆಯುತ್ತದೆ. ಒಳಗೆ ಇಳಿಯಿರಿ ಅಂತ ಇಲ್ಲಿ ಎಲ್ಲೂ ಹೇಳುವುದಿಲ್ಲ, ಯಾಕೆ ಅನ್ನುವುದು ಮುಂದೆ ಬರುತ್ತದೆ.

ಎಷ್ಟು ನೀರಿನ ಮಾತು ಇದು?

ನಮ್ಮದು ಮಳೆ ಕಡಿಮೆಯ ಜಿಲ್ಲೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಆದರೆ ಅದು ಹದವಾಗಿ ಹಂಚಿಕೊಂಡು ಬೀಳುವುದಿಲ್ಲ. ಜೂನ್, ಜುಲೈ ಕೆಲವು ಸಲ ಬರೀ ಮೋಡ ತೋರಿಸಿ ಹೋಗುತ್ತವೆ. ಸೆಪ್ಟೆಂಬರ್‌ನಲ್ಲಿ ಒಂದೇ ಸಂಜೆ ಬಂದು ಊರು ತೊಳೆದು ಹೋಗುತ್ತದೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. 500 ಚದರ ಮೀಟರ್ ಮಾಳಿಗೆಯ ಮೇಲೆ 30 ಮಿಲಿಮೀಟರ್ ಮಳೆ ಬಿತ್ತು ಅನ್ನಿ, 15,000 ಲೀಟರ್. ಮಾಳಿಗೆ ಹೀರಿದ್ದು, ಚೆಲ್ಲಿದ್ದು ಅಂತ ಐದರಲ್ಲಿ ಒಂದು ಪಾಲು ಬಿಟ್ಟರೂ 12,000 ಲೀಟರ್ ಕೆಳಗೆ ಬರುತ್ತದೆ. ಒಳಗಿನ ಅಳತೆ ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ, ಎರಡು ಮೀಟರ್ ಆಳ ಇರುವ ಟ್ಯಾಂಕ್ ಸರಿಯಾಗಿ ಅಷ್ಟೇ ಹಿಡಿಯುತ್ತದೆ. ಅಂದರೆ ಒಂದೇ ಮಳೆಗೆ ಟ್ಯಾಂಕ್ ಭರ್ತಿ. ಅದರಲ್ಲಿ ಅರ್ಧ ಅಡಿ ಹೂಳು ಕೂತಿದ್ದರೆ ಸುಮಾರು 900 ಲೀಟರ್ ಜಾಗ ಹೋಯಿತು. ಈ ಮೂರು-ಎರಡು-ಎರಡರ ಟ್ಯಾಂಕನ್ನೇ ಮುಂದೆಲ್ಲ ಉದಾಹರಣೆಗೆ ಇಟ್ಟುಕೊಳ್ಳೋಣ.

ಮೊದಲು ನಕ್ಷೆ ಬರೆಯಿರಿ

ಮೇ ತಿಂಗಳ 25ರ ಹೊತ್ತಿಗೆ ರೋಹಿಣಿ ಮಳೆ ಹುಟ್ಟುತ್ತದೆ. ಅದಕ್ಕೆ ಎರಡು ವಾರ ಮುಂಚೆ ಕೆಲಸ ಹಿಡಿಯಿರಿ. ಒಂದು ನೋಟ್‌ಬುಕ್ ತಗೊಂಡು ಮಾಳಿಗೆಯಿಂದ ಗಟಾರದವರೆಗೆ ನೀರಿನ ದಾರಿ ಬರೆಯಿರಿ. ಎಷ್ಟು ಪೈಪ್ ಕೆಳಗೆ ಇಳಿಯುತ್ತವೆ, ಯಾವುದು ಯಾವ ಗುಂಡಿಗೆ ಹೋಗುತ್ತದೆ, ಪಾರ್ಕಿಂಗ್ ನೆಲದ ನೀರೂ ಇದೇ ಟ್ಯಾಂಕಿಗೆ ಬರುತ್ತದಾ, ಹೆಚ್ಚಾದ ನೀರು ಎಲ್ಲಿಂದ ಹೊರಗೆ ಹೋಗುತ್ತದೆ. ಪೈಪ್ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾಗದಿದ್ದರೆ ಮೇಲಿನಿಂದ ಒಂದು ಬಕೆಟ್ ನೀರಿಗೆ ಸ್ವಲ್ಪ ಅರಿಶಿನ ಕಲಸಿ ಸುರಿಯಿರಿ, ಕೆಳಗೆ ಒಬ್ಬರು ನಿಂತು ನೋಡಲಿ. ಅಷ್ಟು ಸಾಕು.

ಇದರ ಜೊತೆಗೆ ಟ್ಯಾಂಕ್ ಯಾವ ಜಾತಿಯದು ಅನ್ನುವುದೂ ಗೊತ್ತಿರಬೇಕು. ನಮ್ಮ ಕಡೆ ಹೆಚ್ಚಾಗಿ ಇರುವುದು ಕಾಂಕ್ರೀಟ್ ಟ್ಯಾಂಕ್. ಹಳೆಯ ಮನೆಗಳಲ್ಲಿ ಕಲ್ಲು ಅಥವಾ ಇಟ್ಟಂಗಿ ಕಟ್ಟಿ ಗಿಲಾವು ಮಾಡಿದ್ದು. ಈಚಿನ ಕೆಲವು ದೊಡ್ಡ ಕಟ್ಟಡಗಳಲ್ಲಿ ಪ್ಲಾಸ್ಟಿಕ್ ಕ್ರೇಟ್‌ಗಳನ್ನು ಒಂದರ ಮೇಲೊಂದು ಜೋಡಿಸಿ, ಸುತ್ತ ಹಾಳೆ ಸುತ್ತಿ, ಮೇಲೆ ಮಣ್ಣು ಮುಚ್ಚಿರುತ್ತಾರೆ. ಈ ಕ್ರೇಟ್‌ನ ಒಳಗೆ ನೂರಕ್ಕೆ 95 ಭಾಗ ಬರೀ ಖಾಲಿ ಜಾಗ, ನೀರು ಜಾಸ್ತಿ ಹಿಡಿಯುತ್ತದೆ. ಆದರೆ ಒಳಗೆ ಹೂಳು ತುಂಬಿದರೆ ಕೈ ಹಾಕಿ ತೆಗೆಯಲು ದಾರಿಯೇ ಇಲ್ಲ. ಕ್ರೇಟ್ ಟ್ಯಾಂಕ್ ಇರುವವರು ಮುಂದಿನ ಹೂಳುಗುಂಡಿಯ ಭಾಗವನ್ನು ಎರಡು ಸಲ ಓದಬೇಕು. ಅದರ ಮೇಲಿನ ಜಾಗದಲ್ಲಿ ನೀರಿನ ಟ್ಯಾಂಕರ್, ಜೆಸಿಬಿ ನಿಲ್ಲಿಸಲೂ ಕೂಡದು, ಅಂಥ ಭಾರಕ್ಕೆಂದೇ ಕಟ್ಟಿಸಿದ್ದರೆ ಮಾತು ಬೇರೆ.

ನಕ್ಷೆಯಲ್ಲಿ ಇನ್ನೊಂದು ಗುರುತು ಹಾಕಿ. ಭೂತನಾಳ ಕೆರೆಯಿಂದಲೋ ಕೊಲ್ಹಾರದ ಕೃಷ್ಣೆಯಿಂದಲೋ ಬರುವ ನಳದ ನೀರಿನ ಸಂಪ್ ಎಲ್ಲಿದೆ? ಬಹಳ ಕಡೆ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ನಡುವೆ ಒಂದೇ ಗೋಡೆ. ಮಳೆ ಟ್ಯಾಂಕ್ ತುಂಬಿದಾಗ ಕುಡಿಯುವ ನೀರಿನ ಸಂಪಿಗೆ ಜಿನುಗುತ್ತಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಮುಚ್ಚಳದ ಮೇಲೆ ಪೇಂಟಿನಲ್ಲಿ ದೊಡ್ಡದಾಗಿ ಬರೆಸಿ: ‘ಮಳೆನೀರು’, ‘ಕುಡಿಯುವ ನೀರು’.

ಮಾಳಿಗೆ

ಗುಡಿಸಿರಿ. ಬೇವಿನ ಎಲೆ, ಪಾರಿವಾಳದ ಹಿಕ್ಕೆ, ಗಿಲಾವು ಉದುರಿದ ಉಸುಕು, ಹಪ್ಪಳ ಒಣಗಿಸಿದ ಪ್ಲಾಸ್ಟಿಕ್ ಹಾಳೆಯ ಚೂರು, ಎಲ್ಲ ಚೀಲಕ್ಕೆ ತುಂಬಿ ಕೆಳಗೆ ತನ್ನಿ. ಪೈಪಿನ ಬಾಯಿಗೆ ಜಾಳಿಗೆ ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿ. ಮೊದಲ ಮಳೆಯ ನೀರನ್ನು ಹೊರಗೆ ಬಿಡುವ ವಾಲ್ವ್ ಇದ್ದರೆ ಅದನ್ನು ತಿರುಗಿಸಿ ನೋಡಿ. ವರ್ಷಗಟ್ಟಲೆ ಮುಟ್ಟದ ವಾಲ್ವ್ ಮಳೆಯಲ್ಲಿ ನಿಂತು ತಿರುಗಿಸಿದರೆ ಹಿಡಿಕೆಯೇ ಕೈಗೆ ಬರುತ್ತದೆ. ನಮ್ಮಲ್ಲಿ ಏಳೆಂಟು ತಿಂಗಳ ದೂಳು ಮಾಳಿಗೆಯ ಮೇಲೆ ಕೂತಿರುತ್ತದೆ. ಮೊದಲ ಎರಡು ಮಿಲಿಮೀಟರ್ ನೀರನ್ನಾದರೂ ಹೊರಗೆ ಬಿಡಬೇಕು. 500 ಚದರ ಮೀಟರ್ ಮಾಳಿಗೆಗೆ ಅದು 1,000 ಲೀಟರ್ ಆಗುತ್ತದೆ. ನೀರು ಕಡಿಮೆ ಇರುವ ಊರಲ್ಲಿ ಅಷ್ಟನ್ನು ಬಿಡಲು ಮನಸ್ಸು ಬರುವುದಿಲ್ಲ, ಒಪ್ಪುತ್ತೇನೆ. ಟ್ಯಾಂಕಿಗೆ ಬಿಡದೆ ಗಿಡದ ಮಡಿಗೆ ಬಿಡಿ, ಲೆಕ್ಕ ಸರಿಹೋಗುತ್ತದೆ.

ಹೂಳುಗುಂಡಿ: ನಿಜವಾದ ಕೆಲಸ ಇಲ್ಲಿ

ಟ್ಯಾಂಕಿಗೆ ನೀರು ಹೋಗುವ ಮುಂಚೆ ಒಂದು ಸಣ್ಣ ಚೇಂಬರ್ ಇರಬೇಕು. ನೀರು ಒಂದು ಕಡೆಯಿಂದ ಬಂದು, ಅಲ್ಲಿ ವೇಗ ಕಳೆದುಕೊಂಡು, ಮಣ್ಣು ಕೆಳಗೆ ಕೂತು, ಮೇಲಿನ ತಿಳಿ ಮಾತ್ರ ಇನ್ನೊಂದು ಪೈಪಿನಿಂದ ಟ್ಯಾಂಕಿಗೆ ಹೋಗಬೇಕು. ಇದು ಹೊಸ ವಿದ್ಯೆ ಏನಲ್ಲ. 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ ಊರೊಳಗೆ ಮಣ್ಣಿನ ಪೈಪುಗಳಲ್ಲಿ ನೀರು ತರುತ್ತಿದ್ದಾಗ, ಆದಿಲ್‌ಶಾಹಿ ಕಾಲದವರು ದಾರಿಯುದ್ದಕ್ಕೂ ಗಂಜ್ ಅನ್ನುವ ಗೋಪುರಗಳನ್ನು ಕಟ್ಟಿದ್ದರು. ನೀರಿನ ಒತ್ತಡ ತಗ್ಗಿಸುವುದು ಒಂದು ಕೆಲಸವಾದರೆ, ಹೂಳು ತಳಕ್ಕೆ ಕೂರುವಂತೆ ಮಾಡುವುದು ಇನ್ನೊಂದು. ಪೈಪು ನೆಲದೊಳಗೆ ಹೂತಿರುವಾಗ ಅದನ್ನು ಅಗೆದು ಸ್ವಚ್ಛ ಮಾಡಲಾಗದು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಮಣ್ಣು ಎಲ್ಲಿ ಕೂರಬೇಕು ಅನ್ನುವುದನ್ನು ಅವರೇ ಗೊತ್ತು ಮಾಡಿದರು. ಊರಿನಲ್ಲಿ ಈಗಲೂ ಅಲ್ಲಲ್ಲಿ ಗಂಜ್‌ಗಳು ನಿಂತಿವೆ. ಪಕ್ಕದಲ್ಲೇ ಹೊಸ ಕಟ್ಟಡದಲ್ಲಿ ಹೂಳುಗುಂಡಿ ಇಲ್ಲದ ಟ್ಯಾಂಕ್ ಕಟ್ಟುತ್ತಾರೆ, ಏನು ಹೇಳುವುದು!

ಹೂಳುಗುಂಡಿಯ ಫರ್ಸಿ ಅಥವಾ ಜಾಳಿಗೆ ತೆಗೆಯಿರಿ. ನೋಡಬೇಕಾದದ್ದು ಮೂರು. ಒಂದು, ಹೊರಗೆ ಹೋಗುವ ಪೈಪಿನ ಬಾಯಿ ತಳದಿಂದ ಕನಿಷ್ಠ ಒಂದು ಅಡಿಯಾದರೂ ಮೇಲಿದೆಯಾ? ತಳಕ್ಕೇ ಪೈಪ್ ಇಟ್ಟಿದ್ದರೆ ಆ ಗುಂಡಿ ಇದ್ದೂ ಇಲ್ಲದಂತೆ. ಗೌಂಡಿಯನ್ನು ಕರೆಸಿ ತಳ ಇಳಿಸಬೇಕು, ಇಲ್ಲವೇ ಪೈಪಿನ ಬಾಯಿಗೆ ಮೇಲೆ ತಿರುಗಿದ ಬೆಂಡ್ ಹಾಕಿಸಬೇಕು. ಬೆಂಡ್ ಹಾಕಿಸಿದರೆ ಹೊರಹೋಗುವ ಬಾಯಿ ಒಳಬರುವ ಬಾಯಿಗಿಂತ ಕೆಳಗೇ ಉಳಿಯಬೇಕು, ಇಲ್ಲದಿದ್ದರೆ ನೀರು ಹಿಂದಕ್ಕೆ ನಿಲ್ಲುತ್ತದೆ. ಎರಡು, ಆ ಬಾಯಿಗೆ ಸೊಳ್ಳೆ ಜಾಳಿಗೆ ಇದೆಯಾ, ಹರಿದಿದೆಯಾ. ಮೂರು, ಹೂಳು ಎಷ್ಟು ಬಂದಿದೆ. ತಳದಿಂದ ಹೊರಪೈಪಿನವರೆಗಿನ ಎತ್ತರದಲ್ಲಿ ಅರ್ಧ ತುಂಬಿದ್ದರೆ ಅವತ್ತೇ ತೆಗೆಯಿರಿ. ಮೂರರಲ್ಲಿ ಒಂದು ಪಾಲಿಗೇ ತೆಗೆದರೆ ಇನ್ನೂ ಒಳ್ಳೆಯದು. ಗುಂಡಿ ಆಳ ಕಡಿಮೆ ಇರುವುದರಿಂದ ಮೇಲೇ ನಿಂತು ಉದ್ದ ಹಿಡಿಕೆಯ ಸಲಿಕೆಯಲ್ಲಿ ತೆಗೆಯಬಹುದು.

ತೆಗೆದ ರಾಡಿಯನ್ನು ಗುಂಡಿಯ ಪಕ್ಕದಲ್ಲೇ ಗುಡ್ಡೆ ಹಾಕಿ ಹೋಗುವವರು ಬಹಳ. ಮುಂದಿನ ಮಳೆಗೆ ಅದೇ ಮಣ್ಣು ಅದೇ ಗುಂಡಿಗೆ ಮರಳಿ ಬರುತ್ತದೆ. ಮಾಳಿಗೆಯ ನೀರಿನ ಹೂಳಾದರೆ ಒಣಗಿಸಿ ಗಿಡಕ್ಕೆ ಹಾಕಬಹುದು. ಪಾರ್ಕಿಂಗ್ ನೀರಿನ ಹೂಳಿನಲ್ಲಿ ಗಾಡಿಯ ಆಯಿಲ್ ಇರುತ್ತದೆ. ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಗಿಡದ ಹತ್ತಿರ ಒಯ್ಯಬೇಡಿ. ಒಣಗಿಸಿ ಬೇರೆ ಚೀಲದಲ್ಲಿ ಕಟ್ಟಿ ನಗರದ ಕಸದ ಗಾಡಿಯವರಿಗೆ ಏನು ಅಂತ ಹೇಳಿಯೇ ಕೊಡಿ. ಗಟಾರಕ್ಕೆ ಸುರಿಯುವುದಂತೂ ಬೇಡವೇ ಬೇಡ.

ಮುಚ್ಚಳ ತೆಗೆದು, ಹೊರಗೇ ನಿಂತು ನೋಡುವುದು

ಟ್ಯಾಂಕಿನ ಮುಚ್ಚಳ ತೆಗೆಯುವಾಗ ಇಬ್ಬರು ಇರಲಿ. ಸುತ್ತ ಹಗ್ಗ ಕಟ್ಟಿ ಅಥವಾ ಕುರ್ಚಿ ಇಟ್ಟು ಮಕ್ಕಳು ಬರದಂತೆ ನೋಡಿಕೊಳ್ಳಿ. ಹಾರೆಯಿಂದ ಎತ್ತುವಾಗ ಮುಖ ಬಗ್ಗಿಸಬೇಡಿ. ತೆಗೆದ ತಕ್ಷಣ ಬಗ್ಗಿ ಇಣುಕುವುದು ನಮ್ಮ ಜನರಿಗೆ ಅಭ್ಯಾಸ. ಒಳಗಿನ ಕೆಟ್ಟ ಗಾಳಿ ನೇರ ಮುಖಕ್ಕೇ ಬರುತ್ತದೆ. ಅರ್ಧ ತಾಸು ತೆರೆದಿಟ್ಟು ಆಮೇಲೆ ಟಾರ್ಚ್ ಹಾಕಿ. ಬೀಡಿ, ಸಿಗರೇಟು ದೂರ ಇರಲಿ.

ಮೊಬೈಲನ್ನು ಉದ್ದ ಕೋಲಿಗೆ ಗಟ್ಟಿಯಾಗಿ ಕಟ್ಟಿ, ಲೈಟ್ ಹಚ್ಚಿ, ವಿಡಿಯೊ ಚಾಲು ಮಾಡಿ ಒಳಗೆ ಇಳಿಬಿಟ್ಟು ನಿಧಾನ ಒಂದು ಸುತ್ತು ತಿರುಗಿಸಿ. ಮೇಲೆ ಕೂತು ಆರಾಮಾಗಿ ನೋಡಬಹುದು. ಗೋಡೆಯ ಮೇಲೆ ನೀರಿನ ಗೆರೆ ಎಲ್ಲಿದೆ? ಆ ಗೆರೆ ಯಾವಾಗಲೂ ಒಂದೇ ಎತ್ತರದಲ್ಲಿ ನಿಂತಿದ್ದರೆ, ಆ ಮಟ್ಟದಲ್ಲೇ ಎಲ್ಲೋ ಸೋರುವ ಬಿರುಕು ಇರಬಹುದು. ಛಾವಣಿಯ ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳು ಕಾಣುತ್ತಿದೆಯಾ, ತುಕ್ಕಿನ ಕಂದು ಕಲೆ ಇದೆಯಾ? ಇದು ಎಲ್ಲಕ್ಕಿಂತ ಗಂಭೀರ. ಅದರ ಮೇಲೆ ಕಾರು ನಿಲ್ಲುತ್ತಿದ್ದರೆ ಅವತ್ತಿನಿಂದಲೇ ನಿಲ್ಲಿಸುವುದನ್ನು ಬಂದ್ ಮಾಡಿ, ಎಂಜಿನಿಯರ್ ಬಂದು ನೋಡುವವರೆಗೆ. ಬೇರು ಇಳಿದಿದ್ದರೆ ಹತ್ತಿರದಲ್ಲಿ ಬೇವು, ಅರಳಿ ಅಥವಾ ಅತ್ತಿಯ ಗಿಡ ಇರಲೇಬೇಕು. ಕೂದಲೆಳೆಯಂಥ ಬೇರು ಬಿರುಕಿನಲ್ಲಿ ಬಂದು ಒಳಗೆ ಜಡೆಯಾಗಿ ಬೆಳೆಯುತ್ತದೆ. ಬರೀ ಬೇರು ಕತ್ತರಿಸಿದರೆ ಸಾಲದು, ಬಿರುಕನ್ನೂ ಮುಚ್ಚಬೇಕು. ಅಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಅದೇ.

ವಾಸನೆ ಕೂಡ ಬಹಳ ಹೇಳುತ್ತದೆ. ಬರೀ ಮಣ್ಣಿನ ವಾಸನೆ ಬಂದರೆ ಚಿಂತೆ ಇಲ್ಲ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತಳದಲ್ಲಿ ಎಲೆ ಕೊಳೆಯುತ್ತಿದೆ, ಅಥವಾ ಎಲ್ಲಿಂದಲೋ ಸಂಡಾಸಿನ ಪೈಪಿನ ನೀರು ಸೇರುತ್ತಿದೆ. ಅಂಥ ಟ್ಯಾಂಕಿನ ಮುಚ್ಚಳ ಹಾಕಿ, ಮುಂದಿನ ಕೆಲಸ ತಿಳಿದವರಿಗೆ ಬಿಡಿ.

ಹೂಳು ಅಳೆಯುವ ಕೋಲು

ಟ್ಯಾಂಕಿನಲ್ಲಿ ನೀರು ಇರುವಾಗಲೂ ಹೂಳು ಅಳೆಯಬಹುದು. ಎರಡು ಕೋಲು ಬೇಕು. ಒಂದು ಪಿವಿಸಿ ಪೈಪಿನ ತುದಿಗೆ ಊಟದ ತಟ್ಟೆಯಷ್ಟು ಅಗಲದ ಪ್ಲೈವುಡ್ ತುಂಡನ್ನು ಅಡ್ಡಡ್ಡ ಸ್ಕ್ರೂ ಮಾಡಿ. ಇದನ್ನು ನಿಧಾನ ಇಳಿಸಿದರೆ ಹೂಳಿನ ಮೇಲೆ ಕೂತು ನಿಲ್ಲುತ್ತದೆ. ಪ್ಲೈವುಡ್ ನೀರಿನಲ್ಲಿ ತೇಲಿ ಮೇಲೆ ತಳ್ಳುತ್ತದೆ, ಹಾಗಾಗಿ ಪೈಪಿನೊಳಗೆ ಸ್ವಲ್ಪ ಉಸುಕು ತುಂಬಿ ಭಾರ ಮಾಡಿಕೊಳ್ಳಿ. ಎರಡನೆಯದು ಬರೀ ಸಲಾಕೆ. ಅದು ಹೂಳನ್ನು ತೂರಿ ತಳದ ಕಾಂಕ್ರೀಟಿಗೆ ಟಣ್ ಅಂತ ತಾಗುತ್ತದೆ. ಎರಡರ ಮೇಲೂ ಮುಚ್ಚಳದ ಅಂಚಿನ ಮಟ್ಟಕ್ಕೆ ಬಳಪದಿಂದ ಗುರುತು ಹಾಕಿ, ಹೊರಗೆ ತೆಗೆದು ತುದಿಯಿಂದ ಗುರುತಿನವರೆಗೆ ಅಳೆಯಿರಿ. ವ್ಯತ್ಯಾಸವೇ ಹೂಳಿನ ದಪ್ಪ. ನೀರು ಬಂದು ಬೀಳುವ ಕಡೆ ಒಮ್ಮೆ, ಪಂಪಿನ ಹತ್ತಿರ ಒಮ್ಮೆ ಅಳೆಯಬೇಕು. ಬೀಳುವ ಕಡೆ ದಪ್ಪ ಉಸುಕು, ದೂರದಲ್ಲಿ ಜಿಡ್ಡಿನಂಥ ಸಣ್ಣ ರಾಡಿ ಇರುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದ ಟ್ಯಾಂಕಿಗೂ ಕ್ರೇಟ್ ಟ್ಯಾಂಕಿಗೂ ಸಲಾಕೆ ಹಾಕಬೇಡಿ, ಹಾಳೆ ತೂತಾಗುತ್ತದೆ. ಅಲ್ಲಿ ಪರೀಕ್ಷೆಗೆ ಬಿಟ್ಟ ಪೈಪಿನಲ್ಲಿ ಕ್ಯಾಮೆರಾ ಇಳಿಸಿ ನೋಡುವುದೇ ದಾರಿ.

ನಮ್ಮ ಮೂರು-ಎರಡರ ಟ್ಯಾಂಕಿನಲ್ಲಿ 10 ಸೆಂಟಿಮೀಟರ್ ಹೂಳು ಅಂದರೆ 600 ಲೀಟರ್ ರಾಡಿ. ತೂಕ ಒಂದು ಟನ್ನಿನಷ್ಟು. ಇಷ್ಟಾದರೆ ತೆಗೆಸುವ ವಿಚಾರ ಮಾಡಬಹುದು. 20 ಆದರೆ ವಿಚಾರ ಮಾಡುತ್ತ ಕೂರಬೇಡಿ. ಅದಕ್ಕಿಂತ ಮೊದಲೇ ಪಂಪು ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವಿನ ಬಾಯಿಗೆ ಹೂಳು ಒಂದು ಗೇಣಿನಷ್ಟು ಹತ್ತಿರ ಬಂದಿದ್ದರೆ, ದಪ್ಪ ಎಷ್ಟೇ ಇರಲಿ, ತೆಗೆಸಿ. ಉಸುಕು ಎಳೆದ ಪಂಪು ಬಹಳ ದಿನ ಬಾಳುವುದಿಲ್ಲ.

ಒಳಗೆ ಇಳಿಯುವ ಮಾತು

ಪ್ರತಿ ಬೇಸಿಗೆಯಲ್ಲೂ ಎಲ್ಲೋ ಒಂದು ಊರಿನಿಂದ ಇಂಥ ಸುದ್ದಿ ಬರುತ್ತದೆ. ಟ್ಯಾಂಕಿಗೆ ಒಬ್ಬ ಇಳಿದ, ಬಿದ್ದ, ಅವನನ್ನು ಎತ್ತಲು ಇನ್ನೊಬ್ಬ ಇಳಿದ, ಅವನೂ ಬಿದ್ದ. ಸಂಡಾಸಿನ ಗುಂಡಿಯಲ್ಲಿ ಮಾತ್ರ ಹೀಗಾಗುತ್ತದೆ, ಮಳೆನೀರು ಸ್ವಚ್ಛ ಅಲ್ವಾ ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಮುಚ್ಚಿದ ಜಾಗದಲ್ಲಿ ಎಲೆ ಕೊಳೆತರೂ, ಕಬ್ಬಿಣ ತುಕ್ಕು ಹಿಡಿದರೂ ಆಮ್ಲಜನಕ ಕಡಿಮೆಯಾಗುತ್ತದೆ. ಹೊರಗಿನ ಗಾಳಿಯಲ್ಲಿ ಅದು ನೂರಕ್ಕೆ 20.9 ಭಾಗ ಇರುತ್ತದೆ. 19.5ಕ್ಕಿಂತ ಕೆಳಗೆ ಇಳಿದರೆ ಆ ಜಾಗಕ್ಕೆ ಹೋಗಬಾರದು ಅನ್ನುವುದು ಸುರಕ್ಷತೆಯ ನಿಯಮ. ಬರೀ ಒಂದೂವರೆ ಭಾಗದ ವ್ಯತ್ಯಾಸ, ಮೂಗಿಗೆ ತಿಳಿಯುವುದೇ ಇಲ್ಲ. ಕೊಳೆತ ರಾಡಿಯನ್ನು ಕಾಲಿನಿಂದ ಕದಡಿದ ಕೂಡಲೇ ಅದರೊಳಗಿನ ಹೈಡ್ರೋಜನ್ ಸಲ್ಫೈಡ್ ಒಮ್ಮೆಲೇ ಮೇಲೆ ಬರುತ್ತದೆ. ಸ್ವಲ್ಪ ಇದ್ದಾಗ ಮೊಟ್ಟೆಯ ವಾಸನೆ. ಪ್ರಮಾಣ ಜಾಸ್ತಿಯಾದರೆ ಮೂಗಿನ ಗ್ರಹಿಕೆಯೇ ಸತ್ತುಹೋಗುತ್ತದೆ. ‘ವಾಸನೆ ಹೋಯ್ತು, ಈಗ ಸರಿ ಆಯ್ತು’ ಅಂದವನೇ ಅಪಾಯದಲ್ಲಿ ಇರುತ್ತಾನೆ.

ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಬೇಡಿ. ಮನುಷ್ಯನಿಗೆ ಸಾಲದ ಗಾಳಿಯಲ್ಲೂ ದೀಪ ಉರಿಯಬಹುದು. ವಿಷದ ಗಾಳಿ ದೀಪವನ್ನು ಆರಿಸುವುದಿಲ್ಲ. ಹೊತ್ತಿಕೊಳ್ಳುವ ಗಾಳಿ ಇದ್ದರಂತೂ ದೀಪವೇ ಅನಾಹುತ. ಡೀಸೆಲ್, ಪೆಟ್ರೋಲ್ ಪಂಪನ್ನು ಟ್ಯಾಂಕಿನ ಒಳಗೆ ಅಥವಾ ಬಾಯಿಯ ಪಕ್ಕದಲ್ಲಿ ಇಟ್ಟು ಚಾಲು ಮಾಡುವುದೂ ಅಷ್ಟೇ ಕೆಟ್ಟದ್ದು. ಅದರ ಹೊಗೆಯಲ್ಲಿ ವಾಸನೆ ಬಣ್ಣ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದು ಒಳಗೆ ಸೇರಿಕೊಳ್ಳುತ್ತದೆ.

ದುರಸ್ತಿಗೆ ಯಾರಾದರೂ ಇಳಿಯಲೇಬೇಕು ಅಂತಾದರೆ, ಗ್ಯಾಸ್ ಅಳೆಯುವ ಮೀಟರ್, ಗಾಳಿ ಊದುವ ಬ್ಲೋವರ್, ಮೈಗೆ ಕಟ್ಟುವ ಬೆಲ್ಟು, ಮೇಲೆ ಮೂರು ಕಾಲಿನ ಸ್ಟ್ಯಾಂಡಿನಿಂದ ಎಳೆಯುವ ಹಗ್ಗ, ಹೊರಗೆ ಕಣ್ಣು ಕದಲಿಸದೆ ನಿಲ್ಲುವ ಒಬ್ಬ ಮನುಷ್ಯ, ಇಷ್ಟೂ ಇರುವ ತಂಡ ಬೇಕು. ಇವುಗಳಲ್ಲಿ ಒಂದು ಕಡಿಮೆಯಾದರೂ ಕೆಲಸ ಮುಂದಕ್ಕೆ ಹಾಕಿ. ಒಳಗೆ ಯಾರಾದರೂ ಬಿದ್ದರೆ ಬರಿಗೈಯಲ್ಲಿ ಹಿಂದೆ ಇಳಿಯಬೇಡಿ. 112ಕ್ಕೆ ಫೋನ್ ಮಾಡಿ, ಬ್ಲೋವರ್ ಇದ್ದರೆ ಗಾಳಿ ಊದಿ. ಗಟಾರದ ನೀರು ಸೇರಿದ ಟ್ಯಾಂಕ್ ಆದರೆ ಇನ್ನೂ ಎಚ್ಚರ. ರಕ್ಷಣಾ ಸಾಧನ ಇಲ್ಲದೆ ಗಟಾರ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ‘ಅವನೇ ಇಳೀತೀನಿ ಅಂದ’ ಅನ್ನುವ ಸಬೂಬು ನಡೆಯುವುದಿಲ್ಲ.

ಹೂಳು ತೆಗೆಸುವುದು

ಸಕ್ಕಿಂಗ್ ಗಾಡಿ ಕರೆಸಿ. ಮೇಲಿನ ತಿಳಿನೀರನ್ನು ಮೊದಲು ಪಂಪಿನಿಂದ ಗಿಡಕ್ಕೋ ನೆಲ ತೊಳೆಯಲೋ ಬಳಸಿ. ಗೇಣುದ್ದ ನೀರು ಉಳಿದಾಗ ಒತ್ತಡದ ನೀರಿನ ಜೆಟ್ ಹೊಡೆದು ಹೂಳನ್ನು ಕದಡಿಸಿ, ಗಾಡಿಯ ಪೈಪಿನಿಂದ ಎಳೆಸಬೇಕು. ಎಲ್ಲವೂ ಮೇಲಿನಿಂದಲೇ ಆಗುತ್ತದೆ. ಸಂಡಾಸಿನ ಗುಂಡಿ ಎಳೆದ ಗಾಡಿಯೇ ಬಂದರೆ ಪೈಪನ್ನು ಹೊರಗೆ ಚೆನ್ನಾಗಿ ತೊಳೆಸಿಯೇ ಒಳಗೆ ಬಿಡಿಸಿ. ಕ್ರೇಟ್ ಟ್ಯಾಂಕಿಗೆ ಜೆಟ್‌ನ ಒತ್ತಡ ಎಷ್ಟಿರಬೇಕು ಅಂತ ಅದನ್ನು ಕೊಟ್ಟ ಕಂಪನಿಯ ಕಾಗದದಲ್ಲಿ ಇರುತ್ತದೆ, ಆ ಕಾಗದ ಸಿಗದೆ ಜೆಟ್ ಹೊಡೆಸಬೇಡಿ.

ಇದಕ್ಕೆ ಸರಿಯಾದ ಕಾಲ ಏಪ್ರಿಲ್-ಮೇ. ಸೆಪ್ಟೆಂಬರ್ ಅಲ್ಲವೇ ಅಲ್ಲ. ಯಾಕೆ ಅಂದರೆ, ಮಳೆ ಕುಡಿದ ಎರೆಮಣ್ಣಿನ ನಡುವೆ ಟ್ಯಾಂಕ್ ಖಾಲಿ ಮಾಡಿದರೆ ಅದು ಕೆಳಗಿನ ನೀರಿನ ಒತ್ತಡಕ್ಕೆ ಮೇಲೆ ಎದ್ದು ಬರಬಹುದು. ಕೇಳಿದರೆ ನಗುತ್ತಾರೆ, ಲೆಕ್ಕ ಹಾಕಿ ನೋಡಿ. ನಮ್ಮ ಟ್ಯಾಂಕಿನ ಗೋಡೆ, ತಳ, ಛಾವಣಿ 15 ಸೆಂಟಿಮೀಟರ್ ದಪ್ಪ ಅಂತಿಟ್ಟುಕೊಂಡರೆ ಹೊರಗಿನ ಗಾತ್ರ ಸುಮಾರು 17.5 ಘನ ಮೀಟರ್. ಸುತ್ತ ನೀರು ಮುಚ್ಚಳದ ಮಟ್ಟಕ್ಕೆ ಬಂದರೆ ಅದು 17.5 ಟನ್ ಬಲದಿಂದ ಮೇಲೆ ನೂಕುತ್ತದೆ. ಕಾಂಕ್ರೀಟಿನ ತೂಕ ಸುಮಾರು 13.6 ಟನ್ ಮಾತ್ರ. ಒಳಗೆ ನೀರು ಇದ್ದಷ್ಟು ದಿನ ಆ ನೀರೇ ಟ್ಯಾಂಕನ್ನು ಕೆಳಗೆ ಹಿಡಿದಿರುತ್ತದೆ. ಟ್ಯಾಂಕ್ ಕೂರಿಸಲು ಅಗೆದ ಗುಂಡಿಯ ಸುತ್ತ ಕಲ್ಲು, ಎರೆಮಣ್ಣು ಇದ್ದರೆ ಒಳಗೆ ಇಳಿದ ಮಳೆನೀರು ಬೇಗ ಹೊರಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಟ್ಯಾಂಕಿನದ್ದಂತೂ ತೂಕವೇ ಇಲ್ಲ. ಹಾಗಾಗಿ ಮಳೆಗಾಲದ ಕೊನೆಯಲ್ಲಿ ಪೂರ್ತಿ ಖಾಲಿ ಮಾಡಬೇಡಿ, ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ.

ಸೋರಿಕೆ

ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಟ್ಯಾಂಕಿನ ಗೋಡೆಗೆ ಪ್ರತಿ ವರ್ಷ ಈ ತಳ್ಳಾಟ ತಪ್ಪಿದ್ದಲ್ಲ. ಸುತ್ತ ಗರಸು ತುಂಬಿಸಿ ಕಟ್ಟಿದ್ದರೆ ತೊಂದರೆ ಕಡಿಮೆ. ಅಗೆದ ಎರೆಮಣ್ಣನ್ನೇ ಮತ್ತೆ ತುಂಬಿದ್ದರೆ ಮೂಲೆಗಳಲ್ಲಿ, ಪೈಪ್ ಒಳಬರುವ ಕಡೆ ಬಿರುಕು ಬರುತ್ತದೆ.

ಪರೀಕ್ಷೆ ಹೀಗೆ. ಮಳೆ ಇಲ್ಲದ ಎರಡು ದಿನ ನೋಡಿ ಟ್ಯಾಂಕ್ ತುಂಬಿರುವಾಗ ಪಂಪ್ ಬಂದ್ ಮಾಡಿ, ಒಳಬರುವ ಪೈಪಿಗೆ ಬಟ್ಟೆ ತುರುಕಿ. ಕೋಲು ಇಳಿಸಿ ನೀರಿನ ಮಟ್ಟ ಗುರುತು ಮಾಡಿ. 24 ತಾಸಿನ ಮೇಲೆ ಮತ್ತೆ ನೋಡಿ. ನಮ್ಮ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ 60 ಲೀಟರ್ ಹೋಯಿತು ಅಂತ ಲೆಕ್ಕ. ಹೊಸ ಅಥವಾ ಬಹಳ ದಿನ ಒಣಗಿದ್ದ ಕಾಂಕ್ರೀಟ್ ಮೊದಲು ಸ್ವಲ್ಪ ಕುಡಿಯುತ್ತದೆ, ಅದಕ್ಕೆ ಒಂದು ವಾರ ಬಿಟ್ಟು ಅಳೆಯುವುದು ಸರಿ. ದಿನವೂ ಇಳಿದು ಒಂದು ಮಟ್ಟಕ್ಕೆ ಬಂದು ನಿಂತರೆ, ತೂತು ಆ ಮಟ್ಟದಲ್ಲೇ ಇದೆ. ಎಲ್ಲಿ ಅಂತ ನೀರೇ ತೋರಿಸಿಕೊಟ್ಟಿತು. ಬಟ್ಟೆ ತೆಗೆಯಲು ಮರೆಯಬೇಡಿ ಮತ್ತೆ!

ಹೊರಗೆ ಹೋಗುವ ಪೈಪು, ಪಂಪು

ತುಂಬಿ ಹೆಚ್ಚಾದ ನೀರು ಹೋಗುವ ಪೈಪು ಒಳಬರುವ ಪೈಪಿಗಿಂತ ಸಣ್ಣದಿರಬಾರದು. ಅದು ರಸ್ತೆಯ ಗಟಾರಕ್ಕೆ ಸೇರಿದ್ದರೆ ಒಂದೇ ಕಡೆ ತೆರೆಯುವ ಫ್ಲ್ಯಾಪ್ ಇರಲೇಬೇಕು. ಜೋರು ಮಳೆಗೆ ಗಟಾರ ಉಕ್ಕಿದರೆ ಅದರ ನೀರು ಹಿಂದೆ ನಿಮ್ಮ ಟ್ಯಾಂಕಿಗೇ ಬರುತ್ತದೆ. ಫ್ಲ್ಯಾಪನ್ನು ಬೆರಳಿನಿಂದ ಎತ್ತಿ ಬಿಡಿ, ತಾನಾಗಿ ಬಂದು ಕೂರಬೇಕು. ಗುಟ್ಕಾ ಚೀಟಿಯೊಂದು ಸಿಕ್ಕಿಕೊಂಡರೂ ಅದು ಅರ್ಧ ತೆರೆದೇ ಉಳಿಯುತ್ತದೆ.

ಪಂಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೀರಿನೊಳಗಿನ ಮೋಟರ್ ಇದ್ದರೆ ಶಾಕ್ ತಡೆಯುವ ಆರ್‌ಸಿಸಿಬಿ ಬೇಕೇ ಬೇಕು, ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಟ್ಯಾಂಕಿನ ಯಾವ ಕೆಲಸಕ್ಕೂ ಮುಂಚೆ ಬರೀ ಸ್ವಿಚ್ ಅಲ್ಲ, ಬೋರ್ಡಿನಲ್ಲಿ ಕರೆಂಟ್ ಕಡಿಯುವ ಎಂಸಿಬಿಯನ್ನೇ ಇಳಿಸಿ.

ಮಳೆ ಶುರುವಾದ ಮೇಲೆ

ಮೊದಲ ಜೋರು ಮಳೆ ಬಂದಾಗ ಛತ್ರಿ ಹಿಡಿದು ಹೊರಗೆ ಬನ್ನಿ. ವರ್ಷದ ಉಳಿದ ಯಾವ ತಪಾಸಣೆಯೂ ಈ ಹತ್ತು ನಿಮಿಷಕ್ಕೆ ಸಮ ಅಲ್ಲ. ಹೂಳುಗುಂಡಿಯಲ್ಲಿ ನೀರು ಸುಳಿಯುತ್ತ ನಿಂತು ಹೋಗುತ್ತದಾ, ನೇರ ನುಗ್ಗುತ್ತದಾ? ಜಾಳಿಗೆಯ ಮೇಲೆ ಎಲೆ ಕೂತು ನೀರು ಪಕ್ಕಕ್ಕೆ ಹರಿಯುತ್ತಿದೆಯಾ? ಯಾವ ಪೈಪಿನಿಂದ ನೀರೇ ಬರುತ್ತಿಲ್ಲ? ನೋಟ್‌ಬುಕ್ಕಿನ ನಕ್ಷೆಯಲ್ಲಿ ಅದೇ ಜಾಗಕ್ಕೆ ಗುರುತು ಹಾಕಿ.

ಆಮೇಲೆ ಮಿರಗದಿಂದ (ಮೃಗಶಿರ ಮಳೆ) ಹಸ್ತದವರೆಗೆ ದೊಡ್ಡ ಮಳೆಯಾದ ಮರುದಿನ ಹೂಳುಗುಂಡಿ ನೋಡುವುದು, ವಾರಕ್ಕೊಮ್ಮೆ ಸೊಳ್ಳೆ ಮರಿ ನೋಡುವುದು, ಇಷ್ಟು ರೂಢಿಯಾಗಲಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ವಾರದಿಂದ ಹತ್ತು ದಿನ ಸಾಕು. ಬಿಳಿ ಮಗ್ಗಿನಲ್ಲಿ ನೀರು ತೆಗೆದು ಬೆಳಕಿಗೆ ಹಿಡಿದರೆ ಮರಿಗಳು ಕುಣಿಯುವುದು ಕಾಣುತ್ತದೆ. ಕಂಡರೆ ಮುಚ್ಚಳದ ಸಂದು, ಗಾಳಿ ಪೈಪು, ಹರಿದ ಜಾಳಿಗೆ, ಇವುಗಳಲ್ಲಿ ಒಂದು ದಾರಿ ತೆರೆದಿದೆ ಅಂತಲೇ ಅರ್ಥ. ಆರೋಗ್ಯ ಇಲಾಖೆಯವರು ಮರಿ ತಿನ್ನುವ ಗಪ್ಪಿ, ಗ್ಯಾಂಬೂಸಿಯಾ ಮೀನು ಬಿಡಿಸುತ್ತಾರೆ, ಆದರೆ ಪೂರ್ತಿ ಕತ್ತಲಿನ ಟ್ಯಾಂಕಿಗಿಂತ ತೆರೆದ ತೊಟ್ಟಿಗೇ ಅದು ಸರಿ. ನೆಲಟ್ಯಾಂಕಿಗೆ ಜಾಳಿಗೆಯೇ ಗಟ್ಟಿ ಉಪಾಯ.

ಮಾಳಿಗೆಯ ನೀರನ್ನು ಸ್ನಾನಕ್ಕೆ, ಬಟ್ಟೆಗೆ ಬಳಸುವವರು ಬ್ಲೀಚಿಂಗ್ ಪೌಡರ್ ಹಾಕುತ್ತಾರೆ. ತಿಳಿಯಾದ ನೀರಿಗೆ, ಹೊಸ ಪೌಡರ್ ಆದರೆ, 1,000 ಲೀಟರಿಗೆ 2.5 ಗ್ರಾಂ ಸಾಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿ ಮಾತ್ರ ಸುರಿದು ಒಂದು ತಾಸು ಬಿಡಿ. ರಾಡಿ ನೀರಿಗೆ ಎಷ್ಟು ಹಾಕಿದರೂ ರಾಡಿಯೇ ಅದನ್ನು ತಿಂದುಬಿಡುತ್ತದೆ. ಸಂಡಾಸು ತೊಳೆಯುವ ಆ್ಯಸಿಡ್ ಇರುವ ಬಕೆಟ್ಟಿನಲ್ಲಿ ಮಾತ್ರ ಬ್ಲೀಚಿಂಗ್ ಕಲಸಬೇಡಿ, ವಿಷದ ಕ್ಲೋರಿನ್ ಏಳುತ್ತದೆ. ಪಾರ್ಕಿಂಗ್ ನೀರು ಸೇರುವ ಟ್ಯಾಂಕಿನ ನೀರನ್ನು ಏನೇ ಹಾಕಿದರೂ ಮೈಗೆ ಬಳಸುವುದು ಬೇಡ. ಗಿಡಕ್ಕೆ, ನೆಲಕ್ಕೆ ಅಷ್ಟೇ.

ಹಸ್ತ ಮುಗಿದ ಮೇಲೆ

ಅಕ್ಟೋಬರ್ ಎರಡನೇ ವಾರದ ಹೊತ್ತಿಗೆ ಹಸ್ತ ಮುಗಿಯುತ್ತದೆ. ಚಿತ್ತೆಯಲ್ಲೂ ಒಂದೆರಡು ಮಳೆ ಬರಬಹುದು, ಅದನ್ನೂ ನೋಡಿಕೊಂಡು ಹೂಳುಗುಂಡಿಯನ್ನು ಕೊನೆಯ ಸಲ ಬರಿದು ಮಾಡಿ. ಅದರಲ್ಲಿ ನಿಂತ ನೀರೇ ಚಳಿಗಾಲದ ಸೊಳ್ಳೆಗೆ ಆಸರೆ. ಟ್ಯಾಂಕಿನ ಹೂಳನ್ನು ಮತ್ತೊಮ್ಮೆ ಅಳೆದು, ಮೇ ತಿಂಗಳ ಅಳತೆಯ ಪಕ್ಕದಲ್ಲೇ ಬರೆಯಿರಿ. ಒಂದು ಮಳೆಗಾಲಕ್ಕೆ ಒಂದು ಸೆಂಟಿಮೀಟರ್ ಏರಿದ್ದರೆ ಹೂಳುಗುಂಡಿ ಚೆನ್ನಾಗಿ ದುಡಿದಿದೆ, ಟ್ಯಾಂಕ್ ತೊಳೆಸುವ ಖರ್ಚು ಸದ್ಯಕ್ಕೆ ಬೇಡ. ಐದು ಸೆಂಟಿಮೀಟರ್ ಏರಿದ್ದರೆ ಟ್ಯಾಂಕ್ ತೊಳೆಸಿ ಪ್ರಯೋಜನ ಇಲ್ಲ, ಮೊದಲು ಗುಂಡಿ ದೊಡ್ಡದು ಮಾಡಿಸಿ.

ನೋಟ್‌ಬುಕ್ಕಿನಲ್ಲಿ ತಾರೀಕು, ಹೂಳಿನ ಅಳತೆ, ಏನು ದುರಸ್ತಿ ಆಯಿತು, ಯಾರು ಮಾಡಿದರು, ಇಷ್ಟಿದ್ದರೆ ಸಾಕು. ಅಪಾರ್ಟ್‌ಮೆಂಟ್ ಆದರೆ ಕಾರ್ಯದರ್ಶಿ ಬದಲಾದಾಗ ಲೆಕ್ಕದ ಪುಸ್ತಕದ ಜೊತೆಗೆ ಇದನ್ನೂ ಕೈಗೆ ಕೊಡಬೇಕು. ಮುಚ್ಚಳಕ್ಕೆ ಬೀಗ ಹಾಕಿ, ಒಂದು ಕೀಲಿ ವಾಚ್‌ಮನ್ ಹತ್ತಿರ, ಇನ್ನೊಂದು ಮೀಟರ್ ಬೋರ್ಡಿನ ಪೆಟ್ಟಿಗೆಯೊಳಗೆ ತೂಗುಹಾಕಿ.